ಮುಯ್ಯಿಯ ಲೋಕ

ಅಧ್ಯಾಪಕ ವೃತ್ತಿಯಲ್ಲಿ ಒಂದು ಅಪಾಯವುಂಟು. ಯಾರೂ ಎದುರಾಡದ ಎಡೆಯಲ್ಲಿ ದಿನವೂ ಎರಡು ಮೂರು ಗಂಟೆ ನಿಂತು ಮಾತನಾಡುವವನಿಗೆ, ತಾನು ಆಡಿದ್ದೆಲ್ಲ ತಾನು ಅರಿತದ್ದೇ ಎಂಬ ಭ್ರಾಂತಿ ಬಲುಬೇಗ ಅಂಟಿಕೊಳ್ಳುತ್ತದೆ. ಹದಿನೆಂಟು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನನಗೂ ಅದು ಅಂಟಿತ್ತು. ಬಿಡಿಸಿದವನು ಒಬ್ಬ ವಿದ್ಯಾರ್ಥಿ. ಅವನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ದಾಂಡೇಲಿ, ಹಳಿಯಾಳ, ಮುಂಡಗೋಡ, ಜೋಯಿಡಾಗಳಲ್ಲಿ ಸುಮಾರು ಒಂದು ವರ್ಷ ಅಲೆದೆ. ಆ ಅಲೆದಾಟದ ವೃತ್ತಾಂತವನ್ನು ಓದುಗರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ಎರಡು ವರ್ಷಗಳ ಹಿಂದಿನ ಶ್ರಾವಣ. ದಾಂಡೇಲಿಯ ಮಳೆಯನ್ನು ಕಂಡವರಿಗೆ ಹೇಳಬೇಕಾದ್ದಿಲ್ಲ. ಹೆಂಚಿನ ಮೇಲೆ ಬೀಳುವ ನೀರಿನ ಸದ್ದಿನಲ್ಲಿ ಅಧ್ಯಾಪಕನ ಧ್ವನಿ ಮೂರನೆಯ ಬೆಂಚನ್ನು ದಾಟುವುದಿಲ್ಲ. ಅಂದು ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಪದ್ಯದ ಅರ್ಥ ಹೇಳುತ್ತಿದ್ದವನು ಅದನ್ನು ಬಿಟ್ಟು ಸೃಷ್ಟಿಯ ಸೊಬಗಿನ ಕಡೆಗೆ ಹೊರಳಿದೆ. ಕಾಡು, ನದಿ, ಹಕ್ಕಿ, ಹುಳು ಎಲ್ಲವೂ ಒಂದನ್ನೊಂದು ಹಿಡಿದು ನಿಂತಿವೆ. ಕಾರಣವಿಲ್ಲದೆ ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಆದ್ದರಿಂದ ಈ ವಿಶ್ವದಲ್ಲಿ ನಡೆಯುವ ಪ್ರತಿಯೊಂದಕ್ಕೂ ಒಂದು ಉದ್ದೇಶವುಂಟು ಎಂದು ಮುಗಿಸಿದೆ. ಮಾತು ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತು.

ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಎದ್ದು ನಿಂತ. ಜೋಯಿಡಾ ತಾಲ್ಲೂಕಿನ ಒಂದು ಒಳಹಳ್ಳಿಯವನು. ಕುಣಬಿಯರ ಮನೆಯ ಹುಡುಗ. ಮಾತು ಕಡಿಮೆ.

"ಹಾಗಾದರೆ ನಮ್ಮಪ್ಪ ಸತ್ತದ್ದು ಯಾತಕ್ಕಾಗಿ ಸರ್?"

ಆ ಮೃಗಶಿರ ಮಳೆಯಲ್ಲಿ ಅವನ ತಂದೆ ಗದ್ದೆಯಿಂದ ಮನೆಗೆ ಬರುವಾಗ ದಾರಿಯ ಬದಿಯ ಹಳೆಯ ಮರವೊಂದು ಗಾಳಿಗೆ ಮುರಿದು ಮೈಮೇಲೆ ಬಿದ್ದಿತ್ತೆಂಬುದು ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಾನೊಬ್ಬನೇ. ಹುಡುಗನ ಧ್ವನಿಯಲ್ಲಿ ಕೋಪವಿರಲಿಲ್ಲ. ನಾನು ಬಲ್ಲವನೆಂದು ನಂಬಿ, ತಿಳಿದುಕೊಳ್ಳುವುದಕ್ಕಾಗಿಯೇ ಅವನು ಕೇಳಿದ್ದ. ನಾನು ಏನೋ ತೊದಲಿದೆ. ಗಂಟೆ ಹೊಡೆಯಿತು. ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಾಗ, ಗಂಟೆ ನನ್ನನ್ನು ಕಾಪಾಡಿತೆಂಬ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

* * *

ಆ ರಾತ್ರಿ ನನ್ನ ತಪ್ಪು ಎಲ್ಲಿದೆಯೆಂದು ಹುಡುಕಿದೆ. ಅದು ವ್ಯಾಕರಣದಲ್ಲಿಯೇ ಇತ್ತು. ಕನ್ನಡದಲ್ಲಿ "ಏಕೆ" ಎಂಬ ಒಂದು ಮಾತಿಗೆ ಎರಡು ಮುಖಗಳಿವೆ. ಒಂದು, "ಯಾವುದರಿಂದ" ಎಂಬುದು. ಇನ್ನೊಂದು, "ಯಾತಕ್ಕಾಗಿ" ಎಂಬುದು. "ಮರ ಏಕೆ ಬಿತ್ತು?" ಎಂದರೆ "ಒಳಗೆ ಟೊಳ್ಳಾದದ್ದರಿಂದ, ಗಾಳಿ ಬೀಸಿದ್ದರಿಂದ" ಎಂದು ಉತ್ತರ. "ಪೇಟೆಗೆ ಏಕೆ ಹೋದೆ?" ಎಂದರೆ "ಉಪ್ಪಿಗಾಗಿ" ಎಂದು ಉತ್ತರ. "ಇಂದ" ಎಂಬುದು ಹಿಂದಕ್ಕೆ ನೋಡುತ್ತದೆ; "ಗಾಗಿ" ಎಂಬುದು ಮುಂದಕ್ಕೆ ನೋಡುತ್ತದೆ. ನಾನು "ಇಂದ" ಉಂಟೆಂದು ತೋರಿಸಿ, ಆದ್ದರಿಂದ "ಗಾಗಿ"ಯೂ ಉಂಟೆಂದು ಹೇಳಿಬಿಟ್ಟಿದ್ದೆ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದೆ ಎಂದ ಮಾತ್ರಕ್ಕೆ ಎಲ್ಲಕ್ಕೂ ಗುರಿಯೊಂದು ಇದೆ ಎಂದಾಗುವುದಿಲ್ಲ. ಇಷ್ಟನ್ನು ನಾನು ಚೆನ್ನಾಗಿಯೇ ಕಲಿತಿದ್ದೆ; ಮಾತಿನ ಓಘದಲ್ಲಿ ಮರೆತಿದ್ದೆ.

ಆದರೆ ತಪ್ಪನ್ನು ಗುರುತಿಸಿದರೆ ಪ್ರಶ್ನೆ ಮುಗಿಯಿತೆ? ಪರಸ್ಪರಾವಲಂಬನೆ ಎಂಬುದು ನಿಜವಾಗಿ ಎಂಥದು, ಅದರಲ್ಲಿ ಉದ್ದೇಶಕ್ಕೆ ಎಡೆಯುಂಟೆ, ಇಲ್ಲವೆ, ಎಂಬುದನ್ನು ಪುಸ್ತಕದಲ್ಲಿ ಮಾತ್ರವಲ್ಲದೆ ಕಣ್ಣಾರೆ ನೋಡಬೇಕೆನ್ನಿಸಿತು. ಅದಕ್ಕೆ ನಮ್ಮ ದಾಂಡೇಲಿಗಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ?

ನಮ್ಮ ಕಾಡಿಗೆ ಕೀರ್ತಿ ತಂದ ಹಕ್ಕಿ ಮಂಗಟ್ಟೆ. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕನ್ನು ಇಟ್ಟಂಥ ಆಕಾರ. ಹಾರಿದರೆ ಉಗಿಬಂಡಿಯ ಉಸಿರಿನಂಥ ರೆಕ್ಕೆಯ ಸದ್ದು. ಈ ಜಾತಿಯ ನಾಲ್ಕು ಬಗೆಯ ಹಕ್ಕಿಗಳು ಇಲ್ಲಿವೆ; 2011ರಲ್ಲಿ ಇವುಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶವನ್ನು ಸರ್ಕಾರ ಘೋಷಿಸಿತು. ಇದರ ಸಂಸಾರ ವಿಚಿತ್ರವಾದದ್ದು. ಬೇಸಗೆಯ ಮುನ್ನ ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಂದನ್ನು ಹೊಕ್ಕು, ಬಾಗಿಲನ್ನು ತಾನೇ ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಹಾರುವ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಹಲವು ವಾರಗಳ ಕಾಲ ಅದರ ಅನ್ನವೆಲ್ಲ ಗಂಡಿನ ಕೊಕ್ಕಿನಿಂದ ಬರಬೇಕು. ಗಂಡು ಹಕ್ಕಿ ಬೇಟೆಗೆ ಸಿಕ್ಕಿದರೆ ಪೊಟರೆಯೊಳಗಿನ ತಾಯಿಯ ಪಾಡೂ ಮರಿಯ ಪಾಡೂ ಏನೆಂಬುದನ್ನು ಹೇಳಬೇಕಾಗಿಲ್ಲ.

ಮಂಗಟ್ಟೆ ಮರಕುಟಿಗನ ಹಾಗೆ ತಾನೇ ಪೊಟರೆ ಕೊರೆಯಲಾರದು. ಮರ ಹಳೆಯದಾಗಬೇಕು, ಕೊಂಬೆ ಮುರಿದ ಗಾಯದೊಳಕ್ಕೆ ಬೂಷ್ಟು ಇಳಿಯಬೇಕು, ತಿರುಳು ಕೊಳೆಯಬೇಕು; ಆಗ ಮನೆ ಸಿದ್ಧ. ಹೊಟ್ಟೆಗೋ ಅತ್ತಿ, ಆಲ, ಬಸರಿಗಳ ಹಣ್ಣು. ಉಳಿದ ಮರಗಳು ಬರಿಗೈಯಾಗಿರುವ ತಿಂಗಳುಗಳಲ್ಲಿಯೂ ಈ ಕುಲದ ಯಾವುದಾದರೊಂದು ಮರ ಹಣ್ಣು ಬಿಟ್ಟಿರುತ್ತದೆ. ಹಣ್ಣು ತಿಂದ ಹಕ್ಕಿ ಬೀಜವನ್ನು ದೂರದೂರಕ್ಕೆ ಒಯ್ದು ಉದುರಿಸುತ್ತದೆ. ಕಾಡು ಹೀಗೆ ರೆಕ್ಕೆಯ ಮೇಲೆ ಕುಳಿತು ಊರಿಂದೂರಿಗೆ ಹೋಗುತ್ತದೆ.

ಅತ್ತಿಯ ಹಣ್ಣಿನ ಕಥೆ ಇನ್ನೂ ಒಳಗಿನದು. ಅತ್ತಿಯ ಹಣ್ಣನ್ನು ಬಿಡಿಸಿದರೆ ಒಳಗೆಲ್ಲ ಹುಳುವೆಂದು ನಮ್ಮ ಜನ ಮೂಗು ಮುರಿಯುವುದುಂಟು. ಆ ಹುಳು ಇಲ್ಲದಿದ್ದರೆ ಅತ್ತಿಯೇ ಇಲ್ಲ. ನಾವು ಕಾಯಿ ಎನ್ನುವುದು ನಿಜವಾಗಿ ಒಳಮುಖವಾಗಿ ಅರಳಿದ ನೂರಾರು ಹೂಗಳ ಚೀಲ. ಸಾಸಿವೆಗಿಂತ ಚಿಕ್ಕದಾದ ಒಂದು ಕಣಜ, ಹೆಣ್ಣು, ಆ ಚೀಲದ ತುದಿಯ ಕಿರುಗಂಡಿಯಲ್ಲಿ ನುಸುಳುತ್ತದೆ. ಗಂಡಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆಗಳು ಹರಿದುಹೋಗುತ್ತವೆ. ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅದು ಅಲ್ಲಿಯೇ ಸಾಯುತ್ತದೆ. ಮುಂದೆ ಮೊಟ್ಟೆಯೊಡೆದು ಮೊದಲು ಹೊರಬರುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಹೊರಕ್ಕೆ ಸುರಂಗ ಕೊರೆದುಕೊಟ್ಟು ಮಡಿಯುತ್ತವೆ. ಹೆಣ್ಣುಗಳು ಹೊಸ ಪರಾಗವನ್ನು ಹೊತ್ತು ಆ ಸುರಂಗದಲ್ಲಿ ಹೊರಟು ಮತ್ತೊಂದು ಅತ್ತಿಯನ್ನು ಅರಸುತ್ತವೆ. ಅತ್ತಿಯ ಕುಲದ ಒಂದೊಂದು ಜಾತಿಗೂ ಹೆಚ್ಚುಕಡಮೆ ಅದರದೇ ಆದ ಕಣಜವುಂಟು.

ಹೀಗೆ ಕಣಜದಿಂದ ಹಣ್ಣು, ಹಣ್ಣಿನಿಂದ ಹಕ್ಕಿ, ಹಕ್ಕಿಯಿಂದ ಕಾಡು, ಕಾಡಿನಿಂದ ಕಾಳಿ ನದಿ, ನದಿಯಿಂದ ನಮ್ಮ ಮನೆಯ ದೀಪ. ಸರಪಳಿ ಬಹಳ ಚೆಲುವಾಗಿ ಕಾಣುತ್ತದೆ. ಆದರೆ ಅಂದು ನಾನು ತರಗತಿಯಲ್ಲಿ ಹೇಳಿದ ಹಾಗೆ ಇದು ಬರಿಯ ಚೆಲುವಲ್ಲ. ಹಕ್ಕಿ ಉದುರಿಸಿದ ಆಲದ ಬೀಜ ಇನ್ನೊಂದು ಮರದ ಕವಲಿನಲ್ಲಿ ಮೊಳೆತು, ಬೇರಿಳಿಸಿ, ತನಗೆ ಎಡೆಕೊಟ್ಟ ಮರವನ್ನೇ ಎಷ್ಟೋ ವೇಳೆ ಹಿಸುಕಿ ಕೊಲ್ಲುತ್ತದೆ. ಸುರಂಗ ಕೊರೆದ ಗಂಡು ಕಣಜ ಆಕಾಶವನ್ನು ಕಾಣದೆ ಸಾಯುತ್ತದೆ. ಮತ್ತೂ ಒಂದು ಮಾತು: ಮಂಗಟ್ಟೆಗೆ ಮನೆಯಾಗುವ ಮರವೆಂದರೆ ಒಳಗೆ ಟೊಳ್ಳಾದ ಮರ. ಗಾಳಿಗೆ ಮುರಿದು ದಾರಿಹೋಕನ ಮೇಲೆ ಬೀಳುವುದೂ ಅಂಥ ಮರವೇ.

1859ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ ಡಾರ್ವಿನ್ ಕಲಿಸಿದ್ದು ಇದನ್ನೇ. ಜೀವಿಗಳಲ್ಲಿ ನಾವು ಕಾಣುವ ಅಚ್ಚರಿಯ ಹೊಂದಿಕೆಯೆಲ್ಲ, ಯಾರೋ ಗುರಿಯಿಟ್ಟು ಮಾಡಿದ ಹಾಗೆ ತೋರಿದರೂ, ಗುರಿಯನ್ನರಿಯದ ಅನಂತ ಆಯ್ಕೆಗಳ ಫಲ. ಆ ಹೊಂದಿಕೆ ಎಷ್ಟು ನಿಖರವೆಂದರೆ, 1862ರಲ್ಲಿ ಮಡಗಾಸ್ಕರಿನ ಒಂದು ಸೀತಾಳೆ ಹೂವಿನ ಬಲು ಉದ್ದನೆಯ ಮಧುನಾಳವನ್ನು ನೋಡಿ, ಅಷ್ಟೇ ಉದ್ದನೆಯ ಹೀರುಗೊಳವೆಯುಳ್ಳ ಪತಂಗವೊಂದು ಆ ದ್ವೀಪದಲ್ಲಿ ಇರಲೇಬೇಕೆಂದು ಆತ ಊಹಿಸಿದ. ಆತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1903ರಲ್ಲಿ, ಅಂಥ ಪತಂಗವನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟರು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷಗಳೆಂದೂ, ನಮ್ಮ ನೆತ್ತರಿನ ಕಬ್ಬಿಣ ಸೂರ್ಯನಿಗಿಂತ ಮೊದಲೇ ಬಾಳಿ ಅಳಿದ ನಕ್ಷತ್ರಗಳ ಒಡಲಿನಲ್ಲಿ ಬೆಂದದ್ದೆಂದೂ ಇಂದು ನಾವು ಬಲ್ಲೆವು. ನಕ್ಷತ್ರಕ್ಕೂ ನಮಗೂ ನಂಟಿದೆ. ಆದರೆ ಆ ನಕ್ಷತ್ರ ನಮಗಾಗಿ ಸತ್ತಿತೆ? ವಿಜ್ಞಾನ "ಇಂದ"ವನ್ನು ಬಹುದೂರದವರೆಗೆ ಬೆಳಗುತ್ತದೆ. "ಗಾಗಿ"ಯ ಮುಂದೆ ದೀಪವನ್ನು ಇಳಿಸುತ್ತದೆ. ಅದು ಅದರ ಪ್ರಾಮಾಣಿಕತೆ.

* * *

ಮಾಗಿಯ ಒಂದು ಬೆಳಗ್ಗೆ ಹಳಿಯಾಳದ ಹತ್ತಿರ ಗೌಳಿಗರ ದಡ್ಡಿಯೊಂದರ ಮುಂದೆ ನಿಂತಿದ್ದೆ. ಹೆಂಗಸೊಬ್ಬಳು ಎಮ್ಮೆ ಕರೆಯುತ್ತಿದ್ದಳು. ಎಮ್ಮೆ ಸೊರೆ ಬಿಡಲಿಲ್ಲ. ಅವಳು ಕರುವನ್ನು ಬಿಚ್ಚಿ ಕೆಚ್ಚಲಿಗೆ ಹಚ್ಚಿದಳು, ಕರು ಎರಡು ಸಲ ಗುದ್ದಿತು, ಹಾಲು ಇಳಿಯಿತು. ದಿನವೂ ಎಲ್ಲೆಲ್ಲಿಯೂ ನಡೆಯುವ ಈ ಸಾಮಾನ್ಯ ಸಂಗತಿ ಅಂದು ನನಗೆ ಒಂದು ಹಳೆಯ ವಾಗ್ವಾದವನ್ನು ನೆನಪಿಗೆ ತಂದಿತು.

ಸಾಂಖ್ಯರು ಪ್ರಕೃತಿಗೆ ಅರಿವಿಲ್ಲವೆಂದರು. ಆದರೂ ಅದು ಪುರುಷನ ಬಿಡುಗಡೆಗಾಗಿಯೇ ದುಡಿಯುತ್ತದೆಂದರು. ಅರಿವಿಲ್ಲದ್ದಕ್ಕೆ ಗುರಿ ಹೇಗೆ ಎಂದರೆ, ಈಶ್ವರಕೃಷ್ಣ ತನ್ನ ಸಾಂಖ್ಯಕಾರಿಕೆಯಲ್ಲಿ ಕೊಡುವ ಉಪಮಾನ ಹಾಲಿನದು: ಹಾಲಿಗೆ ಏನು ಗೊತ್ತು? ಆದರೂ ಅದು ಕರುವಿನ ಪೋಷಣೆಗಾಗಿ ಸುರಿಯುತ್ತದಲ್ಲವೆ? ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಇದನ್ನು ಒಪ್ಪುವುದಿಲ್ಲ. ಹಾಲು ತಾನಾಗಿ ಸುರಿಯುವುದಿಲ್ಲ. ಅರಿವುಳ್ಳ ಹಸುವಿನ ವಾತ್ಸಲ್ಯ ಅದನ್ನು ಸುರಿಸುತ್ತದೆ, ಕರುವಿನ ಚೀಪುವಿಕೆ ಅದನ್ನು ಎಳೆಯುತ್ತದೆ ಎಂಬುದು ಅವರ ಉತ್ತರ. ಅದೇ ಆಚಾರ್ಯರು ಇನ್ನೊಂದೆಡೆ, ಈಶ್ವರನಿಗೆ ಸೃಷ್ಟಿಯಿಂದ ಆಗಬೇಕಾದ ಪ್ರಯೋಜನ ಯಾವುದೂ ಇಲ್ಲ, ಅದು ಲೀಲೆ ಮಾತ್ರ ಎಂಬ ಸೂತ್ರವನ್ನು ವ್ಯಾಖ್ಯಾನಿಸುತ್ತಾರೆ. ಇಡಿಯ ಜಗತ್ತಿಗೊಂದು ಪ್ರಯೋಜನವನ್ನು ಹೊರಗಿನಿಂದ ಅಂಟಿಸುವುದಕ್ಕೆ ನಮ್ಮ ಪ್ರಾಚೀನರಲ್ಲಿ ಪರಮ ಆಸ್ತಿಕರೇ ಒಪ್ಪಲಿಲ್ಲವೆಂಬುದು ಗಮನಿಸತಕ್ಕದ್ದು.

ನನಗೆ ಹಿಡಿಸಿದ್ದು ಆ ಹಾಲಿನ ಮಾತು. ಸಿದ್ಧಾಂತದ ಗೆಲವು ಸೋಲು ಪಂಡಿತರಿಗಿರಲಿ. "ಗಾಗಿ" ಎಂಬುದು ಹಾಲಿನಲ್ಲಿಲ್ಲ, ಕೆಚ್ಚಲಿನಲ್ಲಿಲ್ಲ, ತಾಯಿ ಮತ್ತು ಕರು ಎಂಬ ಎರಡರ ನಡುವೆ ಅದು ಇದೆ. ಒಂದನ್ನು ತೆಗೆದರೆ ಇಲ್ಲ. ಜೈನರ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ, ಜೀವಗಳ ಕೆಲಸವೆಂದರೆ ಒಂದಕ್ಕೊಂದು ಉಪಕಾರವಾಗುವುದು ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಇಲ್ಲಿಯೂ ಹೊರಗಿನ ಒಡೆಯನ ಅಪ್ಪಣೆಯಿಲ್ಲ.

ಹಳಿಯಾಳ ಕುಸ್ತಿಗೆ ಹೆಸರಾದ ಊರು. ಅಂದು ಮಧ್ಯಾಹ್ನ ಅಭ್ಯಾಸ ಮಾಡುತ್ತಿದ್ದ ಹುಡುಗರನ್ನು ನೋಡುತ್ತ ಕುಳಿತೆ. ಸಿದ್ದಿಯರ ಹುಡುಗನೊಬ್ಬ ತನಗಿಂತ ಹಿರಿಯನನ್ನು ಎದುರಿಸುತ್ತಿದ್ದ. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಮೂಲಕ ಆಫ್ರಿಕೆಯಿಂದ ಗುಲಾಮರಾಗಿ ಬಂದವರ ಸಂತತಿ ಇವರದು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕಡಲಾಚೆಯ ಒಂದು ಅನ್ಯಾಯ ಅವನನ್ನು ಈ ಕೆಮ್ಮಣ್ಣಿಗೆ ತಂದಿದೆ. ಅದು ಅವನು ಇಲ್ಲಿ ಮಲ್ಲನಾಗಲೆಂಬ ಉದ್ದೇಶದಿಂದ ನಡೆಯಿತೆಂದು ಹೇಳುವುದಕ್ಕೆ ಯಾವ ತತ್ತ್ವಜ್ಞಾನಿಗೆ ಧೈರ್ಯವಿದೆ? ಆದರೆ ಈಗ, ಈ ಕಣದಲ್ಲಿ, ಅವನ ಪಟ್ಟಿಗೊಂದು ಗುರಿಯುಂಟು. ಅದು ಎದುರಾಳಿಯ ತೋಳಿನಲ್ಲಿದೆ. ಎದುರಾಳಿಯಿಲ್ಲದೆ ಮಲ್ಲನಿಲ್ಲ. ಪಟ್ಟು ಮುಗಿದ ಮೇಲೆ ಇಬ್ಬರೂ ಒಬ್ಬರ ಬೆನ್ನಿನ ಮಣ್ಣನ್ನು ಒಬ್ಬರು ಕೊಡವಿದರು.

* * *

ಮುಂಡಗೋಡದಲ್ಲಿ ಇನ್ನೊಂದು ಬಗೆಯ ಕುಸ್ತಿಯನ್ನು ಕಂಡೆ. 1959ರಲ್ಲಿ ದಲಾಯಿ ಲಾಮಾ ಟಿಬೆಟ್ಟನ್ನು ಬಿಟ್ಟು ಬಂದರು. ಅವರ ಹಿಂದೆ ಬಂದ ಸಾವಿರಾರು ಜನಕ್ಕೆ ನೆಲೆ ಕೊಟ್ಟ ರಾಜ್ಯಗಳಲ್ಲಿ ನಮ್ಮದು ಮೊದಲ ಸಾಲಿನದು. ನಿಜಲಿಂಗಪ್ಪನವರ ಕಾಲದಲ್ಲಿ, 1966ರಲ್ಲಿ, ಮುಂಡಗೋಡದ ಕಾಡಂಚಿನಲ್ಲಿ ಟಿಬೆಟನ್ನರ ವಸತಿ ಆರಂಭವಾಯಿತು. 1409ರಲ್ಲಿ ತ್ಸೊಂಗ್‌ಖಾಪ ಸ್ಥಾಪಿಸಿದ ಗಾದೆನ್, 1416ರಲ್ಲಿ ಅವನ ಶಿಷ್ಯ ಸ್ಥಾಪಿಸಿದ ದ್ರೆಪುಂಗ್ ಎಂಬ ಎರಡು ಮಹಾವಿಹಾರಗಳ ಭಿಕ್ಷುಗಳು, ಬಂಗಾಳದ ಬಕ್ಸಾ ಶಿಬಿರದಲ್ಲಿ ಹಲವರನ್ನು ಕ್ಷಯಕ್ಕೆ ಕಳೆದುಕೊಂಡು, ಕೊನೆಗೆ ಇಲ್ಲಿಗೆ ಬಂದು ಸೇರಿದರು. ಕಾಡು ಕಡಿದು ಜೋಳ ಬಿತ್ತಿದರು. ಗುರುಕುಲಗಳನ್ನು ಮತ್ತೆ ಕಟ್ಟಿದರು. ಚಳಿಗಾಲದಲ್ಲಿ ನಮ್ಮ ಊರೂರಿನಲ್ಲಿ ಸ್ವೆಟರು ಮಾರುವ ಟಿಬೆಟನ್ ಹೆಂಗಸನ್ನು ಕಂಡಿಲ್ಲದ ಓದುಗರಿರಲಾರರು.

ವಿಹಾರದ ಅಂಗಳದಲ್ಲಿ ಸಂಜೆ ನಡೆಯುವ ವಾದಾಭ್ಯಾಸವನ್ನು ನೋಡಬೇಕು. ಒಬ್ಬ ಕುಳಿತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕಿ, ಕಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಬಡಿಯುತ್ತಾನೆ. ನೂರಾರು ಜೋಡಿಗಳ ಆ ಚಪ್ಪಾಳೆ, ಹೆಂಚಿನ ಮೇಲೆ ಬೀಳುವ ನಮ್ಮ ದಾಂಡೇಲಿಯ ಮಳೆಯ ಹಾಗೆ ಕೇಳುತ್ತಿತ್ತು. ನನ್ನ ತರಗತಿಯಲ್ಲಿ ಯಾರೂ ಎದುರಾಡುವುದಿಲ್ಲ. ಇಲ್ಲಿ ಎದುರಾಡುವುದೇ ಪಾಠ! ಇದೇ ದ್ರೆಪುಂಗಿನಲ್ಲಿ 2013ರ ಜನವರಿಯಲ್ಲಿ ದಲಾಯಿ ಲಾಮಾ ಮತ್ತು ಹೊರದೇಶಗಳ ವಿಜ್ಞಾನಿಗಳು ದಿನಗಟ್ಟಲೆ ಕುಳಿತು, ಮನಸ್ಸು, ಮಿದುಳು, ಪದಾರ್ಥಗಳ ಸ್ವರೂಪವನ್ನು ಕುರಿತು ಸಂವಾದ ನಡೆಸಿದರು.

ಪರಿಚಯದವರೊಬ್ಬರ ಮೂಲಕ ಒಬ್ಬ ಹಿರಿಯ ಗೆಶೆಯವರನ್ನು ಕಂಡೆ. ಗೆಶೆ ಎಂದರೆ ಇಪ್ಪತ್ತು ವರ್ಷಗಳಷ್ಟು ಕಾಲ ಓದಿ ವಾದಿಸಿ ಪಡೆಯುವ ಪಾಂಡಿತ್ಯದ ಪದವಿ. ಅವರ ಕನ್ನಡ ಸಂತೆಯ ಕನ್ನಡ, ಹಿಂದಿ ನನ್ನದಕ್ಕಿಂತ ಮೇಲು. ಉಪ್ಪು ಬೆಣ್ಣೆ ಹಾಕಿದ ಚಹಾ ತರಿಸಿದರು. ಪ್ರತೀತ್ಯಸಮುತ್ಪಾದವನ್ನು ಕುರಿತು ಕೇಳಿದೆ; ಆ ತತ್ತ್ವವನ್ನು ಕಲಿಸಿದ್ದಕ್ಕಾಗಿಯೇ ತ್ಸೊಂಗ್‌ಖಾಪ ಬುದ್ಧನ ಮೇಲೆ ಒಂದು ಸ್ತೋತ್ರ ಬರೆದಿದ್ದಾನೆ. ಗೆಶೆಯವರು ಬಟ್ಟಲನ್ನು ತೋರಿಸಿ ಮೂರು ಮೆಟ್ಟಿಲಲ್ಲಿ ವಿವರಿಸಿದರು. ಮಣ್ಣು, ನೀರು, ಬೆಂಕಿ, ಕುಂಬಾರ ಇವುಗಳಿಂದ ಬಟ್ಟಲು ಆಯಿತು. ಇದು ಕಾರಣಗಳ ಆಶ್ರಯ. ಅಂಚು, ತಳ, ಒಡಲು ಇವುಗಳಿಂದ ಬಟ್ಟಲು ನಿಂತಿದೆ. ಇದು ಅಂಗಗಳ ಆಶ್ರಯ. ಇವೆಲ್ಲ ಕೂಡಿದ್ದನ್ನು ನಾವು ಬಟ್ಟಲೆಂದು ಕರೆದೆವು. ಇದು ಹೆಸರಿನ ಆಶ್ರಯ. ಈ ಮೂರನ್ನೂ ಕಳೆದು ಬಟ್ಟಲನ್ನು ಹುಡುಕಿದರೆ ಸಿಕ್ಕುವುದಿಲ್ಲ. ನಾಗಾರ್ಜುನ ಶೂನ್ಯವೆಂದದ್ದು ಇದನ್ನು. ಏನೂ ಇಲ್ಲವೆಂದಲ್ಲ, ಒಂಟಿಯಾಗಿ ಏನೂ ಇಲ್ಲವೆಂದು. ಶೂನ್ಯಸಂಪಾದನೆಯ ನಾಡಿನವನಾದ ನನ್ನ ಕಿವಿಗೆ ಆ ಶಬ್ದ ಹೊಸದಾಗಿರಲಿಲ್ಲ. ಶರಣರ ಶೂನ್ಯವೂ ನಾಗಾರ್ಜುನನ ಶೂನ್ಯವೂ ಒಂದೇ ಎಂದು ಅವಸರದಲ್ಲಿ ಹೇಳಬಾರದು. ಆದರೆ ಎರಡೂ ನಮ್ಮ "ನಾನು" ಎಂಬ ಗಂಟನ್ನು ಸಡಿಲಿಸುವುದು ನಿಜ.

ಹುಡುಗನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬುದ್ಧ ಹೇಳಿದ ಬಾಣದ ದೃಷ್ಟಾಂತವನ್ನು ನೆನಪಿಸಿದರು. ವಿಷದ ಬಾಣ ನೆಟ್ಟವನು, ಬಾಣ ಬಿಟ್ಟವನಾರು, ಅವನ ಕುಲ ಯಾವುದು, ಬಿಲ್ಲು ಯಾವ ಮರದ್ದು ಎಂಬುದೆಲ್ಲ ತಿಳಿಯುವವರೆಗೆ ಬಾಣ ಕೀಳಿಸಿಕೊಳ್ಳಲಾರೆನೆಂದರೆ ತಿಳಿಯುವ ಮೊದಲೇ ಸಾಯುತ್ತಾನೆ. ಲೋಕಕ್ಕೆ ಕೊನೆಯುಂಟೆ ಇಲ್ಲವೆ ಎಂಬಂಥ ಪ್ರಶ್ನೆಗಳನ್ನು ಬುದ್ಧ ಹಾಗೆಯೇ ಬಿಟ್ಟ.

"ಹುಡುಗನ ಪ್ರಶ್ನೆ ತಪ್ಪೆಂದು ಹೇಳಲೆ?" ಎಂದೆ.

"ಬೇಡ ಮಾಸ್ತರಜಿ," ಎಂದರು. "ಆ ಹುಡುಗನ ಗಾಯಕ್ಕೆ ಬಟ್ಟೆ ಕಟ್ಟಿದವರು ಯಾರು, ಅದನ್ನು ಕೇಳಿ ನೋಡಿ."

ನಾನು ಸಂಕೋಚದಿಂದ ತಲೆ ತಗ್ಗಿಸಿದೆ. ಏಕೆಂದರೆ ನಾನಂತೂ ಕಟ್ಟಿರಲಿಲ್ಲ.

* * *

ಮತ್ತೆ ಮಳೆಗಾಲ ಬಂತು. ಹುಡುಗ ಎರಡನೆಯ ವರ್ಷಕ್ಕೆ ಬಂದಿದ್ದ. ಪುನರ್ವಸು ಮಳೆಯ ಹೊತ್ತಿಗೆ ಎಂಟು ದಿನ ತರಗತಿಗೆ ಬರಲಿಲ್ಲ. ಬಂದಾಗ, ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಎಚ್ಚರಿಸಿದೆ.

"ನಾಟಿಗೆ ಹೋಗಿದ್ದೆ ಸರ್."

"ಎಂಟು ದಿನವೂ ನಿಮ್ಮ ಗದ್ದೆಯದೇ ನಾಟಿಯೆ?"

"ನಮ್ಮದು ಒಂದು ದಿನದ್ದು ಸರ್. ಹೋದ ವರ್ಷ ಅಪ್ಪ ಹೋದಾಗ ಏಳು ಮನೆಯವರು ಬಂದು ನಮ್ಮ ಗದ್ದೆ ನಟ್ಟುಕೊಟ್ಟರು. ಅವರ ಗದ್ದೆಗೆ ನಾನು ಹೋಗಬೇಕಲ್ಲ."

ಮುಂದಿನ ಭಾನುವಾರ ಅವನೊಡನೆ ಅವನ ಊರಿಗೆ ಹೊರಟೆ. ದಾರಿಯಲ್ಲಿ ಸೂಪಾ ಅಣೆಕಟ್ಟಿನ ಹಿನ್ನೀರು ಮಂಜಿನೊಳಗೆ ಹರಡಿತ್ತು. ಇದೇ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೊಮೀಟರು ಹರಿದು, ಕಾರವಾರದಲ್ಲಿ ಕಡಲು ಸೇರುವ ಕಾಳಿಗೆ ಇಲ್ಲಿ 101 ಮೀಟರು ಎತ್ತರದ ಗೋಡೆ. ಈ ನೀರಿನಿಂದ ನಾಗಝರಿಯ ಒಂದೇ ವಿದ್ಯುದಾಗಾರದಲ್ಲಿ 800 ಮೆಗಾವಾಟಿಗೂ ಮೀರಿದ ಶಕ್ತಿ ಹುಟ್ಟಬಲ್ಲದು. ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪಟ್ಟಣ 1980ರ ದಶಕದಲ್ಲಿ ಈ ನೀರಿನ ತಳ ಸೇರಿತು. ಜನ ರಾಮನಗರಕ್ಕೂ ಇತರೆಡೆಗೂ ಹೋದರು. ತಾಲ್ಲೂಕಿನ ಕೇಂದ್ರ ಜೋಯಿಡಾ ಆಯಿತು. ಅತ್ತ ದಾಂಡೇಲಿಯಲ್ಲಿ, 1959ರಲ್ಲಿ ಕೆಲಸ ಆರಂಭಿಸಿದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಈ ಕಾಡಿನ ಬಿದಿರನ್ನು ನೆಚ್ಚಿಯೇ ಹುಟ್ಟಿತು. ದೂರದ ನಗರದಲ್ಲಿ ದೀಪದ ಕೆಳಗೆ ನೋಟುಬುಕ್ಕು ತೆರೆದು ಓದಿದ ವಿದ್ಯಾರ್ಥಿಯ ಬೆಳಕೂ ಹಾಳೆಯೂ ಇಲ್ಲಿಂದ ಹೋದದ್ದಿರಬಹುದು. ಅವನಿಗೆ ಅದು ತಿಳಿದಿರಲಾರದು. ಪರಸ್ಪರಾವಲಂಬನೆ ಎಂಬ ದೊಡ್ಡ ಮಾತನ್ನು ಆಡುವಾಗ, "ಪರಸ್ಪರ" ಎಂಬ ಅರ್ಧ ಎಷ್ಟು ಸಲ ನಿಜವಾಗಿರುತ್ತದೆಂದು ಆ ನೀರನ್ನು ನೋಡುತ್ತ ಯೋಚಿಸಿದೆ. ಒಂದು ಕಡೆಯಿಂದ ಕೊಟ್ಟದ್ದೇ ಆಯಿತು. ಇನ್ನೊಂದು ಕಡೆಯಿಂದ ಮುಯ್ಯಿ ಬರಲಿಲ್ಲ.

ಮುಯ್ಯಿ ಎಂಬುದು ನಮ್ಮ ಅಚ್ಚಗನ್ನಡದ ಮಾತು. ಮದುವೆಯ ಮನೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ. ಅವರ ಮನೆಯ ಮದುವೆಗೆ ನಾವು ಅದನ್ನು ಹಿಂದಿರುಗಿಸಬೇಕು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದು, ತಮ್ಮ ಹೊಲಕ್ಕೆ ಅವರನ್ನು ಕರೆಸಿಕೊಳ್ಳುವುದು ಮುಯ್ಯಾಳು. ಅದೇ ಮಾತಿಗೆ ಸೇಡು ಎಂಬ ಅರ್ಥವೂ ಉಂಟು. "ಮುಯ್ಯಿಗೆ ಮುಯ್ಯಿ" ಎನ್ನುವುದಿಲ್ಲವೆ? ಒಂದೇ ಶಬ್ದದಲ್ಲಿ ಉಪಕಾರವನ್ನೂ ಸೇಡನ್ನೂ ಇಟ್ಟ ನಮ್ಮ ಪೂರ್ವಿಕರು ಲೋಕವನ್ನು ಚೆನ್ನಾಗಿ ಬಲ್ಲವರು. ಸಂಬಂಧದಿಂದ ಬಿಡುಗಡೆಯಿಲ್ಲ, ಅದನ್ನು ಒಳ್ಳೆಯದರಲ್ಲಿ ಹಿಂದಿರುಗಿಸುತ್ತೀರೋ ಕೆಟ್ಟದ್ದರಲ್ಲೋ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ.

ಊರೆಂದರೆ ಕಾಡಿನ ನಡುವೆ ಹತ್ತಾರು ಮನೆ. ಹುಡುಗನ ತಾಯಿ ಬೇಯಿಸಿದ ಗೆಡ್ಡೆಗೆಣಸು, ಬೆಲ್ಲ ತಂದಿಟ್ಟಳು. ಜೋಯಿಡಾದ ಕುಣಬಿಯರು ಎಷ್ಟೋ ಬಗೆಯ ಗೆಡ್ಡೆಗಳನ್ನು ಕಾಪಾಡಿಕೊಂಡು ಬಂದವರು. ಮನೆಮಾತು ಕೊಂಕಣಿ. ನನ್ನೊಡನೆ ಬಿಡಿಬಿಡಿಯಾದ ಕನ್ನಡದಲ್ಲಿ, "ಮಾಸ್ತರು ತಿನ್ನಬೇಕು," ಎಂದಳು. ಅಂದೂ ಇನ್ನೊಬ್ಬರ ಗದ್ದೆಯಲ್ಲಿ ನಾಟಿ ನಡೆದಿತ್ತು. ಕಂಬಳಿಗೊಪ್ಪೆಯ ಸಾಲಿನಲ್ಲಿ ಹುಡುಗನೂ ಇಳಿದ. ಸಸಿಯ ಕಟ್ಟನ್ನು ಎಸೆಯುವುದರಲ್ಲಿ, ಕೆಸರಿನಲ್ಲಿ ಹಿಂದೆ ಸರಿಯುವುದರಲ್ಲಿ ಅವನಿಗೆ ತರಗತಿಯ ಅಂಜಿಕೆ ಇರಲಿಲ್ಲ. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತೆ.

ಸಂಜೆ ಮರಳುವಾಗ ಅವನು ಒಂದೆಡೆ ನಿಂತ. ದಾರಿಯ ಬದಿಯಲ್ಲಿ ಬಿದ್ದ ಮರ. ಬುಡ ಮಾತ್ರ ನಿಂತಿದೆ. ಕಾಂಡ ಪಾಚಿಗಟ್ಟಿದೆ, ಅದರ ಮೇಲೆ ಅಣಬೆ.

"ಇದೇ ಸರ್. ಈ ಪೊಟರೆಯಲ್ಲಿ ಮಂಗಟ್ಟೆ ಇತ್ತು. ನಾನು ಚಿಕ್ಕವನಿದ್ದಾಗ ಅಪ್ಪನೇ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದ. ಇದರ ಬುಡದಲ್ಲಿ ಗದ್ದಲ ಮಾಡಬಾರದು ಅನ್ನುತ್ತಿದ್ದ."

ನಾನು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹೋದ ವರ್ಷ ನೀನು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲಪ್ಪ, ಈಗಲೂ ಗೊತ್ತಿಲ್ಲ. ಗೊತ್ತಿದ್ದವನ ಹಾಗೆ ಮಾತನಾಡಿದ್ದು ನನ್ನ ತಪ್ಪು," ಎಂದೆ.

ಹುಡುಗ ಮರದ ಕಡೆಗೆ ನೋಡುತ್ತಲೇ ಹೇಳಿದ: "ಇರಲಿ ಸರ್. ಅಪ್ಪ ಸತ್ತದ್ದು ಯಾತಕ್ಕೂ ಅಲ್ಲ ಅಂತ ನನಗೂ ಅನ್ನಿಸಿತು. ಆದರೆ ನಾಟಿಗೆ ಹೋದಲ್ಲೆಲ್ಲ, ನಿಮ್ಮಪ್ಪ ನಮ್ಮ ಗದ್ದೆಗೆ ಇಷ್ಟು ವರ್ಷ ಬಂದಿದ್ದ ಅಂತ ಹೇಳುತ್ತಾರೆ. ನನಗೆ ಗೊತ್ತೇ ಇರಲಿಲ್ಲ."

ನನ್ನ ಒಂದು ವರ್ಷದ ಅಲೆದಾಟದ ಫಲ ಇಷ್ಟು. ಸಾವಿಗೆ ಉದ್ದೇಶವುಂಟೆಂದು ನನಗೆ ಹೇಳಲು ಬಾರದು. ಇಡಿಯ ಬ್ರಹ್ಮಾಂಡಕ್ಕೊಂದು ಗುರಿಯುಂಟೆಂದು ಸಾಧಿಸುವ ಶಕ್ತಿಯೂ ನನಗಿಲ್ಲ. ಮರ ಬಿದ್ದದ್ದು ಬರಿಯ "ಇಂದ". ಅದರಲ್ಲಿ "ಗಾಗಿ"ಯನ್ನು ಹುಡುಕುವುದು ಮರಕ್ಕೂ ಅನ್ಯಾಯ, ಸತ್ತವನಿಗೂ ಅನ್ಯಾಯ. ಆದರೆ ಸತ್ತವನು ಬಾಳಿದ್ದಾಗ ಏಳು ಗದ್ದೆಗಳಲ್ಲಿ ಬಗ್ಗಿದ ಬೆನ್ನು "ಗಾಗಿ"ಯಿಂದ ತುಂಬಿತ್ತು. ಉದ್ದೇಶವೆಂಬುದು ಜಗತ್ತಿನ ಮೇಲೆ ಯಾರೋ ಬರೆದಿಟ್ಟ ಶಾಸನವಲ್ಲ. ಇಬ್ಬರ ನಡುವೆ ಹಾಲಿನಂತೆ ಇಳಿಯತಕ್ಕದ್ದು. ಒಬ್ಬನು ಹೋದರೂ ಅದು ಒಡನೆ ಬತ್ತುವುದಿಲ್ಲ. ಮುಯ್ಯಿಯಾಗಿ ಮಗನ ಕೈಗೆ ಬರುತ್ತದೆ. ಬಂದದ್ದನ್ನು ತೀರಿಸಬೇಕಾದ ಭಾರವೂ ಅದರೊಡನೆಯೇ ಬರುತ್ತದೆ. ಸೂಪಾದ ನೀರಿನ ಬೆಳಕಿನಲ್ಲಿ ಓದುವ ನಮ್ಮೆಲ್ಲರ ಮೇಲೆಯೂ ಆ ಭಾರವಿದೆ. ನಾವಿನ್ನೂ ಯಾವ ಗದ್ದೆಗೂ ಇಳಿದಿಲ್ಲ.

ಹಾಜರಿ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ ಎಂಟು ದಿನ ಗೈರುಹಾಜರಿಯೆಂದೇ ಇದೆ. ನಿಯಮ ನಿಯಮವೇ, ನಾನು ಅದನ್ನು ತಿದ್ದಲಿಲ್ಲ. ಉಳಿದ ತಿಂಗಳುಗಳಲ್ಲಿ ತಪ್ಪದೆ ಬಂದು ಅವನು ಪರೀಕ್ಷೆಗೆ ಕುಳಿತ. ಆ ಎಂಟು ದಿನಗಳ ಪಾಠವನ್ನು ಸಂಜೆ ನನ್ನ ಮನೆಯಲ್ಲಿ ಕೂರಿಸಿ ಹೇಳಿಕೊಟ್ಟೆ. ಅವನು ಫೀಜಿನ ಮಾತೆತ್ತಿದಾಗ, ಮುಂದಿನ ವರ್ಷ ನಾಟಿಗೆ ನನ್ನನ್ನೂ ಕರೆ ಎಂದೆ.